ಎರಡು ಸಲ ಮಲಗಿಸಿದ ಮೋಟಾರು

“ಮುಟ್ಟಬೇಡಿ! ಅದು ನನ್ನ ಮೋಟಾರು!”

ದಂತವೈದ್ಯ ಪ್ರೆಸ್ಟನ್ ಕೀಟಿಂಗ್ ಹೀಗೆ ಕೂಗಿಕೊಳ್ಳುವಷ್ಟರಲ್ಲಿ ಲೆಂಪಿ ರಾಂಟಾಲ ಮೊಣಕಾಲೂರಿ ಕೂತು, ದೋಣಿಯ ಹಿಂದೆ ಸಿಕ್ಕಿಸುವ ಆ ಮೋಟಾರಿನಿಂದ ಸೋರಿ ಸಿಮೆಂಟು ನೆಲದ ಮೇಲೆ ಹರಡಿದ್ದ ಎಣ್ಣೆಗೆ ಬೆರಳದ್ದಿ ಮೂಗಿನ ಹತ್ತಿರ ಹಿಡಿದಾಗಿತ್ತು.

“ಮುಟ್ಟದೆ ವಾಸನೆ ನೋಡೋ ವಿದ್ಯೆ ನನಗೆ ಬರಲ್ಲ ಡಾಕ್ಟ್ರೇ. ನಿಮ್ಮ ಕಾಲೇಜಲ್ಲಿ ಹೇಳ್ಕೊಟ್ಟಿದ್ರೆ ಬನ್ನಿ, ನೀವೇ ನೋಡಿ.”

“ನಾನ್ಯಾಕೆ ನೋಡ್ಲಿ? ಚಳಿಗಾಲಕ್ಕೆ ಬಂದೋಬಸ್ತಾಗಿ ಇಟ್ಕೊಳ್ಳಿ ಅಂತ ಈ ರೆಸಾರ್ಟಿನ ಹಾರ್ಲನ್ ಕೈಗೆ ಕೊಟ್ಟು ಹೋಗಿದ್ದೆ. ನಾಳಿದ್ದು ಶನಿವಾರ ಮೀನು ಹಿಡಿಯೋ ಸೀಸನ್ ಶುರು. ನನ್ನ ಜೊತೆ ನಾಲ್ಕು ಜನ ಸ್ನೇಹಿತರು ಬರ್ತಿದಾರೆ. ಅವರಿಗೆ ಏನು ಮುಖ ತೋರಿಸ್ಲಿ?”

“ಈಗ ಇರೋದನ್ನೇ ತೋರಿಸಿ. ಅವರೇನು ಹೊಸದಾಗಿ ನೋಡ್ತಾರಾ?”

ಡಾಕ್ಟರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಇನ್ನೊಬ್ಬರ ಬಾಯಿ ತೆರೆಸಿಯೇ ಬದುಕಿದ ಮನುಷ್ಯನಿಗೆ ಅದು ಚೆನ್ನಾಗಿ ಒಪ್ಪುತ್ತದೆ ಎಂದುಕೊಂಡಳು ಲೆಂಪಿ. ಮಿನಿಯಾಪೊಲಿಸ್‌ನಿಂದ ವರ್ಷಕ್ಕೆ ಒಂದಷ್ಟು ವಾರ ಬಂದು, ಪೆಲ್ಟೊ ಸರೋವರ ತನ್ನಪ್ಪ ತೋಡಿಸಿದ ಬಾವಿ ಎಂಬಂತೆ ಓಡಾಡುವ ಈ ಜಾತಿಯ ಜನರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಆದರೆ ಇವತ್ತು ಮಧ್ಯಾಹ್ನ ಊರಿನ ಕಾಫಿ ಹೋಟೆಲಿನಲ್ಲಿ ಇದೇ ಮನುಷ್ಯ, “ನನ್ನ ಮೋಟಾರಿಂದ ಎಣ್ಣೆ ಸೋರ್ತಿದೆ, ಅದೂ ಬೆಳ್ಳಗೆ ಹಾಲಿನ ಹಾಗೆ!” ಎಂದು ಪರಿಚಾರಿಕೆಯ ತಲೆ ತಿನ್ನುತ್ತಿದ್ದುದು ಕಿವಿಗೆ ಬಿದ್ದು, ಕೈಯಲ್ಲಿದ್ದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದಳು.

ಬೆಳ್ಳಗಾದ ಎಣ್ಣೆ, ಅಂದರೆ ನೀರು ಸೇರಿದ ಎಣ್ಣೆ. ಹಾರ್ಲನ್ ಹೆಡ್‌ಸ್ಟ್ರಾಮ್‌ನ ಶೆಡ್ಡಿನಲ್ಲಿ. ಈ ಎರಡು ಮಾತು ಒಂದೇ ಉಸಿರಿನಲ್ಲಿ ಬರುವ ಹಾಗೇ ಇರಲಿಲ್ಲ.

ಮಂಜುಗಡ್ಡೆ ಕರಗಿದ ವಾರವೇ ಮೀನು ಹಿಡಿಸುವ ಗೈಡು ವೆಂಡೆಲ್ ಸ್ಟ್ರಾಂಡನ ಹೆಣ ಸರೋವರದ ನಡುಗಡ್ಡೆಯಾಚೆ ತೇಲಿತ್ತು. ಸೊಂಟಕ್ಕೆ ಹಳದಿ ನೈಲಾನ್ ಹಗ್ಗ, ಹಗ್ಗದ ತುದಿಗೆ ಸಿಮೆಂಟು ತುಂಬಿದ ಕಾಫಿ ಡಬ್ಬ. ಇಲ್ಲಿ ಪ್ರತಿ ದೋಣಿಯಲ್ಲೂ ಲಂಗರೆಂದರೆ ಅದೇ ಡಬ್ಬ, ಅದೇ ಹಗ್ಗ. ನವೆಂಬರಿನ ಜಿಂಕೆ ಬೇಟೆಯ ವಾರದಲ್ಲಿ ಅವನು ಕಾಣೆಯಾದಾಗ ಊರಿನವರೆಲ್ಲ ತಂತಮ್ಮ ದೋಣಿಗಳನ್ನು ದಡಕ್ಕೆಳೆದು, ಮೋಟಾರುಗಳಿಗೆ ಹೊಸ ಎಣ್ಣೆ ಹಾಕಿ, ಮುಸುಕು ಹೊದಿಸಿ ಚಳಿಗಾಲಕ್ಕೆ ಮಲಗಿಸಿ ಬಹಳ ದಿನವಾಗಿತ್ತು. ನೀರಿನಲ್ಲಿ ಉಳಿದಿದ್ದುದು ಒಂದೇ ದೋಣಿ. ಅದು ವೆಂಡೆಲನ ಹೆಂಡತಿ ಮಾರ್ವಾಳ ತಮ್ಮ ಎಲ್ರಾಯ್ ಪೆಸೊನೆನ್‌ನದು. ಜಿಲ್ಲೆಯ ಪೊಲೀಸರ ಮುಖ್ಯಸ್ಥ ಷೆರೀಫ್ ಬ್ರಾಂಟ್‌ಗೆ ಅಷ್ಟು ಸಾಕಾಯಿತು. ನಾಳೆ ಬೆಳಿಗ್ಗೆ ಎಲ್ರಾಯ್ ಕೋರ್ಟಿನಲ್ಲಿ ನಿಂತು “ಹೌದು, ನಾನೇ ಕೊಂದೆ” ಎಂದು ಒಪ್ಪಿಕೊಳ್ಳುವುದೆಂದು ನಿಗದಿಯಾಗಿತ್ತು. ಒಪ್ಪಿಕೊಂಡುಬಿಟ್ಟರೆ ಅಲ್ಲಿಗೆ ಮುಗಿಯಿತು. ಮಿಕ್ಕ ಆಯುಷ್ಯವೆಲ್ಲ ಕಂಬಿ ಎಣಿಸುವುದೇ.

ಲೆಂಪಿ ಷೆರೀಫನ ಕೈಕೆಳಗಿನ ಪತ್ತೇದಾರಿಣಿ. ಎಲ್ರಾಯ್ ಕೊಲೆಗಾರನಲ್ಲ ಎಂದು ಅವಳಿಗೆ ಅನ್ನಿಸಿದ್ದಕ್ಕೆ ಅವನ ಮೇಲಿನ ಮಮತೆ ಕಾರಣವಲ್ಲ. ಕಂಡರೆ ಮೈ ಉರಿಯುತ್ತಿತ್ತು. ಸಾಲ ಕೇಳುವಾಗ ಬಿಟ್ಟು ಬೇರೆ ಯಾವಾಗಲೂ ನಗದ ಮನುಷ್ಯ. ಸೋಮಾರಿ, ಕುಡುಕ. ಮಂಜುಗಡ್ಡೆ ದೋಣಿಯನ್ನು ಹಿಡಿದುಕೊಳ್ಳುವ ತನಕ ನೀರಿನಲ್ಲೇ ಬಿಟ್ಟು, ವಸಂತದಲ್ಲಿ ಬಿರುಕು ಬಿಟ್ಟ ಮೋಟಾರನ್ನು ಒದ್ದು, ಹಳೆಯದೊಂದು ಹುಡುಕಿ ತರುವ ಗಿರಾಕಿ. ಇಂಥವನು ಹೆಣಕ್ಕೆ ಹಗ್ಗ ಕಟ್ಟಿ, ನಡುಗಡ್ಡೆಯಾಚೆ ಆಳ ಹುಡುಕಿಕೊಂಡು ಹೋಗಿ ಮುಳುಗಿಸುತ್ತಾನೆಯೇ? ಅಷ್ಟು ದೂರ ಹೋಗಲು ಅವನ ಸೋಮಾರಿತನ ಬಿಡಬೇಕಲ್ಲ!

“ಹಾರ್ಲನ್ ಎಲ್ಲಿ?” ಎಂದು ಲೆಂಪಿ ಎದ್ದು ನಿಂತಳು.

“ಬರ್ತಿದಾನೆ. ಬರಲಿ, ಇವತ್ತು ಅವನಿಗೆ ಮಾಡ್ತೀನಿ.”

“ನೀವೇನೂ ಮಾಡ್ಬೇಡಿ. ಒಂದು ಸ್ಕ್ರೂಡ್ರೈವರ್, ಒಂದು ಖಾಲಿ ಡಬ್ಬ ತಂದುಕೊಡಿ ಸಾಕು.”

ಡಾಕ್ಟರ ಸುತ್ತ ನೋಡಿದ. ಶೆಡ್ಡಿನ ಎರಡೂ ಬದಿಗೆ ಮರದ ಸ್ಟ್ಯಾಂಡುಗಳ ಮೇಲೆ ಮೋಟಾರುಗಳು ನೆಟ್ಟಗೆ ನಿಂತಿದ್ದವು, ಒಂದೊಂದಕ್ಕೂ ಒಗೆದ ಹಳೆಯ ಬೆಡ್‌ಶೀಟಿನ ಮುಸುಕು. ಗೋಡೆಯ ಮೇಲೆ ಸಾಮಾನುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗಿದ್ದವು. ಆದರೂ ಸ್ಕ್ರೂಡ್ರೈವರ್ ಎಲ್ಲಿದೆಯೆಂದು ಅವನಿಗೆ ಕಾಣಿಸಲಿಲ್ಲ. ಕೊನೆಗೆ ಲೆಂಪಿಯೇ ತೆಗೆದುಕೊಂಡಳು.

ಮೋಟಾರಿನ ಕೆಳತುದಿಯಲ್ಲಿ, ಪ್ರೊಪೆಲ್ಲರಿಗೆ ಮುಂದೆ, ಗೇರುಗಳು ಕೂರುವ ಗೂಡು. ಅದರ ತಳದ ಸ್ಕ್ರೂವನ್ನು ಸಡಿಲಿಸಿದಳು. ಮೊದಲು ಒಂದಿಷ್ಟು ಬರೀ ನೀರು ಬಂತು. ಹಿಂದೆಯೇ ಹಾಲು ಹೆಚ್ಚಾದ ಕಾಫಿಯಂಥ ಎಣ್ಣೆ ಗೊಳಗೊಳ ಇಳಿಯಿತು.

“ಅಯ್ಯೋ! ಹಾಳಾಗೋಯ್ತು!” ಎಂದ ಡಾಕ್ಟರ.

“ನೀರು ಸೇರಿದೆ. ಚಳಿಗಾಲದಲ್ಲಿ ಆ ನೀರು ಗಡ್ಡೆ ಕಟ್ಟಿ ಉಬ್ಬಿ, ಪ್ರೊಪೆಲ್ಲರ್ ದಂಡದ ಸುತ್ತಲಿರೋ ರಬ್ಬರ್ ಸೀಲನ್ನ ಹೊರಗೆ ದೂಡಿದೆ. ಈಗ ಬಿಸಿಲಿಗೆ ಕರಗಿ, ಎಣ್ಣೆ ಆ ದಾರೀಲೇ ಸೋರ್ತಿದೆ. ನಿಮ್ಮ ಕಾಯಿಲೆ ಇಷ್ಟೇ.”

“ಅಂದ್ರೆ ಹಾರ್ಲನ್ ಎಣ್ಣೆ ಬದಲಾಯಿಸೇ ಇಲ್ಲ! ಮೋಸ!”

ಲೆಂಪಿ ಮೋಟಾರಿನ ಮೇಲಿನ ಮುಚ್ಚಳ ತೆಗೆದು ಸ್ಪಾರ್ಕ್ ಪ್ಲಗ್ಗು ಬಿಚ್ಚಿದಳು. ಅದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಪ್ಲಗ್ಗು ಹೊಸದು, ಅದರ ಮೈ ಇನ್ನೂ ಹೊಳೆಯುತ್ತಿತ್ತು. ಆದರೆ ತುದಿಯಲ್ಲಿ ಮಸಿ. ಆ ಮಸಿಯ ಮೇಲೆ ತಿಳಿಯಾದ ಎಣ್ಣೆಯ ಒಂದು ಪದರ. ಬೆರಳಿನಿಂದ ಒರೆಸಿದರೆ ಎಣ್ಣೆ ಬಂತು, ಅಡಿಯಲ್ಲಿ ಮಸಿ ಉಳಿಯಿತು.

ಅವಳು ಜೇಬಿನಿಂದ ಫೋನು ತೆಗೆದು ಷೆರೀಫ್ ಬ್ರಾಂಟ್‌ಗೆ ಕರೆ ಮಾಡಿದಳು. ಅವನು ಎತ್ತಲಿಲ್ಲ. ಎತ್ತುವ ಅಭ್ಯಾಸವೂ ಅವನಿಗಿರಲಿಲ್ಲ. “ಬ್ರಾಂಟ್, ನಾಳೆ ಎಲ್ರಾಯ್‌ನ ಕೋರ್ಟಿಗೆ ಹತ್ತಿಸಬೇಡ. ಹೆಡ್‌ಸ್ಟ್ರಾಮ್ ಶೆಡ್ಡಲ್ಲಿದೀನಿ. ಕೂಡ್ಲೇ ಫೋನು ಮಾಡು” ಎಂದು ಸಂದೇಶ ಬಿಟ್ಟಳು.

“ಏನಂತೆ ಗಲಾಟೆ?”

ಬಾಗಿಲಲ್ಲಿ ಹಾರ್ಲನ್ ಹೆಡ್‌ಸ್ಟ್ರಾಮ್ ನಿಂತಿದ್ದ. ಆರಡಿ ಆಳು, ಇಸ್ತ್ರಿ ಮಾಡಿದ ಖಾಕಿ ಅಂಗಿ. ರೆಸಾರ್ಟಿನ ಯಜಮಾನ. ಅದಕ್ಕಿಂತ ಹೆಚ್ಚಾಗಿ, ಮೋಟಾರು ಮಲಗಿಸುವ ವಿಷಯದಲ್ಲಿ ತಾನೇ ಧರ್ಮಪೀಠ ಎಂದು ತಿಳಿದುಕೊಂಡವನು. ಪ್ರತಿ ಸೆಪ್ಟೆಂಬರಿನಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಊರಿನವರನ್ನು ಕೂರಿಸಿಕೊಂಡು ಪುಕ್ಕಟೆ ಪಾಠ ಮಾಡುತ್ತಿದ್ದ. ಗೇರಿನ ಎಣ್ಣೆ ಬದಲಿಸಿ. ಸ್ಕ್ರೂವಿನ ವಾಷರ್ ಹಳೆಯದು ಹಾಕಬೇಡಿ. ಪ್ರೊಪೆಲ್ಲರ್ ಬಿಚ್ಚಿ, ಹಿಂದೆ ಗಾಳದ ದಾರ ಸುತ್ತಿದೆಯೇ ನೋಡಿ. ಹೊಸ ಪ್ಲಗ್ಗು ಹಾಕಿ. ತುಕ್ಕು ಹಿಡಿಯದಂತೆ ಸಿಲಿಂಡರಿನೊಳಕ್ಕೆ ಎಣ್ಣೆ ಸಿಂಪಡಿಸಿ. ಯಾರಾದರೂ ಆಕಳಿಸಿದರೆ ಮತ್ತೆ ಮೊದಲಿನಿಂದ ಶುರು. ಲೆಂಪಿ ಅವನ ಜೊತೆ ಒಂದೇ ತರಗತಿಯಲ್ಲಿ ಓದಿದವಳು. ಆಗಲೂ ಪಕ್ಕದವರ ಪೆನ್ಸಿಲು ಕೆತ್ತಿದ್ದು ಸರಿಯಾಗಿಲ್ಲವೆಂದು ಕಿತ್ತುಕೊಂಡು ತಾನೇ ಕೆತ್ತಿಕೊಡುತ್ತಿದ್ದ.

“ನೋಡು ನಿನ್ನ ಕೆಲಸ!” ಡಾಕ್ಟರ ಡಬ್ಬ ತೋರಿಸಿ ಅಬ್ಬರಿಸಿದ. “ನೀರು! ಎಣ್ಣೆ ಅಲ್ಲ, ನೀರು!”

ಹಾರ್ಲನ್ ಡಬ್ಬದೊಳಗೆ ಬಗ್ಗಿ ನೋಡಿದ. ಅವನ ಕತ್ತಿನ ನರ ಉಬ್ಬಿತು. ಆದರೆ ಅವನು ಡಾಕ್ಟರನ ಕಡೆ ತಿರುಗಲಿಲ್ಲ, ಲೆಂಪಿಯ ಕೈಯಲ್ಲಿದ್ದ ಪ್ಲಗ್ಗಿನ ಕಡೆ ನೋಡಿದ. “ನಿನಗೇನು ಕೆಲಸ ಇಲ್ಲಿ, ಲೆಂಪಿ?”

“ಹೀಗೇ ಬಂದೆ. ಡಾಕ್ಟ್ರು ಕಷ್ಟ ಹೇಳ್ಕೊಂಡ್ರು, ಕರುಳು ಚುರುಕ್ ಅಂತು.”

“ಹಳೇ ಮೋಟಾರು. ಸೀಲು ಹೋಗಿರುತ್ತೆ. ಹೊಸದು ಹಾಕಿಕೊಡ್ತೀನಿ. ಶನಿವಾರಕ್ಕೆ ರೆಡಿ ಇರುತ್ತೆ. ಇಬ್ರೂ ಹೊರಡಿ.”

ಅವನು ಇಷ್ಟು ಬೇಗ ತಗ್ಗಿದ್ದನ್ನು ಲೆಂಪಿ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಇದೇ ಕ್ಷಣದಲ್ಲಿ ಅವನು “ಈ ವರ್ಷ ಪ್ರೊಪೆಲ್ಲರ್ ಬಿಚ್ಚಿ ನೋಡೋದು ಮರೆತೆ, ನನ್ನದೇ ತಪ್ಪು” ಎಂದು ಒಂದು ಮಾತು ಹೇಳಿಬಿಟ್ಟರೆ ಅವಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಎಂದೋ ಬೇಸಿಗೆಯಲ್ಲಿ ಸುತ್ತಿಕೊಂಡ ದಾರ, ಎಂದೋ ಹರಿದ ಸೀಲು. ಎಲ್ರಾಯ್ ನೆಟ್ಟಗೆ ಜೈಲಿಗೆ. ಅವಳಿಗೆ ನಂಬಿಕೆಯಿದ್ದುದು ಒಂದರ ಮೇಲೆ ಮಾತ್ರ: ಹಾರ್ಲನ್‌ನ ಜಂಬದ ಮೇಲೆ.

“ಹೋಗ್ಲಿ ಬಿಡಿ ಡಾಕ್ಟ್ರೇ” ಎಂದಳು, ಧ್ವನಿಯಲ್ಲಿ ಬೆಣ್ಣೆ ಸವರಿ. “ಪಾಪ, ಹಾರ್ಲನ್‌ಗೂ ವಯಸ್ಸಾಯ್ತು. ಪ್ರೊಪೆಲ್ಲರ್ ಬಿಚ್ಚಿ ನೋಡೋದು ಮರೆತಿರ್ತಾನೆ. ಎಲ್ರಿಗೂ ಆಗುತ್ತೆ. ಹಿಂದೆ ದಾರ ಸುತ್ಕೊಂಡಿದ್ದಿದ್ದು ಕಂಡಿರಲ್ಲ.”

“ಮರೆತೆ ಅಂದ್ರೆ?” ಡಾಕ್ಟರನಿಗೆ ಹೊಸ ಹುರುಪು ಬಂತು. “ನಾನು ಹಲ್ಲು ಕೀಳೋಕೆ ಹೋಗಿ ಯಾವ ಹಲ್ಲು ಅಂತ ಮರೀತೀನಾ? ಊರಿಗೆಲ್ಲ ಪಾಠ ಮಾಡ್ತಾನೆ, ತನ್ನ ಕೈಕೆಲಸ ಮಾತ್ರ ಹೀಗೆ! ನಮ್ಮ ಕಾಲೊನಿಯವರಿಗೆಲ್ಲ ಹೇಳ್ತೀನಿ, ಮುಂದಿನ ವರ್ಷ ಒಂದು ಮೋಟಾರೂ ಇಲ್ಲಿಗೆ ಬರಲ್ಲ.”

“ಮರೆತ್ನಾ? ನಾನಾ?” ಹಾರ್ಲನ್‌ನ ಮುಖ ಕೆಂಡವಾಯಿತು. “ಏಯ್ ಡಾಕ್ಟ್ರೇ, ಈ ಮೋಟಾರಿನ ಪ್ರೊಪೆಲ್ಲರನ್ನ ಸೆಪ್ಟೆಂಬರಲ್ಲಿ ಇದೇ ಕೈಯಲ್ಲಿ ಬಿಚ್ಚಿದೀನಿ! ದಂಡ ಒರೆಸಿ ಗ್ರೀಸ್ ಹಚ್ಚಿದೀನಿ. ಹೊಸ ಪಿನ್ನು, ಹೊಸ ಎಣ್ಣೆ, ಹೊಸ ವಾಷರ್! ಸೀಲು ಕನ್ನಡಿ ಹಾಗಿತ್ತು!”

“ಹಿಂದೆ ದಾರ ಗೀರ?” ಎಂದಳು ಲೆಂಪಿ ಮೆಲ್ಲಗೆ.

“ದಾರಾನಾ? ಒಂದು ಕೂದಲೆಳೆ ಕೂಡ ಇರ್ಲಿಲ್ಲ!”

“ಕೇಳಿಸ್ಕೊಂಡ್ರಾ ಡಾಕ್ಟ್ರೇ? ಸೆಪ್ಟೆಂಬರಲ್ಲಿ ಒಂದು ಕೂದಲೆಳೆ ಕೂಡ ಇರ್ಲಿಲ್ಲವಂತೆ.”

“ಕೇಳಿಸ್ತು. ಅದಕ್ಕೇನೀಗ?”

ಲೆಂಪಿ ಇಕ್ಕಳದಿಂದ ಪ್ರೊಪೆಲ್ಲರಿನ ಪಿನ್ನನ್ನು ನೆಟ್ಟಗೆ ಮಾಡಿ ಎಳೆದಳು, ನಟ್ಟು ತಿರುಗಿಸಿದಳು. ಹಾರ್ಲನ್ ಒಂದು ಹೆಜ್ಜೆ ಮುಂದೆ ಬಂದ. ಆ ಹೆಜ್ಜೆಯಲ್ಲೇ ನಿಂತುಬಿಟ್ಟ. ತಾನು ಏನು ಹೇಳಿಬಿಟ್ಟೆನೆಂದು ಆಗಷ್ಟೇ ಅವನಿಗೆ ಹೊಳೆದಿತ್ತು. ಕೆಂಪಗಿದ್ದ ಮುಖ ಸುಣ್ಣದ ಹಾಗಾಯಿತು.

ಪ್ರೊಪೆಲ್ಲರ್ ಹೊರಗೆ ಬಂತು. ಹಿಂದೆ, ದಂಡದ ಸುತ್ತ ಬಿಗಿಯಾಗಿ ಸುತ್ತಿಕೊಂಡು, ಬಿಸಿಗೆ ಅರ್ಧ ಕರಗಿ, ಸೀಲಿನೊಳಕ್ಕೆ ಕಚ್ಚಿಕೊಂಡಿದ್ದುದು ಹಳದಿ ನೈಲಾನ್ ಹಗ್ಗದ ಒಂದು ತುಂಡು. ಅದರ ಒಂದು ತುದಿಯನ್ನು ಚಾಕುವಿನಿಂದ ಕತ್ತರಿಸಲಾಗಿತ್ತು.

“ಓ, ಇದು ಗಾಳದ ದಾರ ಅಲ್ವಲ್ಲ” ಎಂದ ಡಾಕ್ಟರ.

“ಅಬ್ಬಾ, ಅದಾದ್ರೂ ಗೊತ್ತಾಯ್ತಲ್ಲ ನಿಮಗೆ. ಈಗ ಮನೆಗೆ ಹೋಗಿ. ಈ ಮೋಟಾರು ಶನಿವಾರಕ್ಕೂ ಸಿಗಲ್ಲ, ಮುಂದಿನ ಶನಿವಾರಕ್ಕೂ ಸಿಗಲ್ಲ. ಇಲ್ಲಿ ಕೇಳಿದ್ದನ್ನ ಹೋಟೆಲಲ್ಲಿ ಉದುರಿಸಿದ್ರೆ ನಿಮ್ಮನ್ನೂ ಠಾಣೆಗೆ ಕರೆಸ್ತೀನಿ.”

“ನನ್ನ ಸ್ನೇಹಿತರು...”

“ದಡದಲ್ಲಿ ಕೂತು ಹಿಡೀಲಿ. ಮೀನಿಗೆ ಅಷ್ಟು ಬುದ್ಧಿ ಇಲ್ಲದಿದ್ರೆ ಸಿಕ್ಕೀತು.”

ಡಾಕ್ಟರ ಗೊಣಗುತ್ತ ಹೊರಟ. ಅವನ ಕಾರಿನ ಸದ್ದು ದೂರವಾಗುವ ತನಕ ಲೆಂಪಿ ಹಗ್ಗವನ್ನು ಬಿಡಿಸುತ್ತಲೇ ಇದ್ದಳು. ಹೊರಗೆ ತಂತಿಯ ಮೇಲೆ ರೆಸಾರ್ಟಿನ ಬಾಡಿಗೆ ಕ್ಯಾಬಿನ್ನುಗಳ ಬಿಳಿ ಚಾದರಗಳು ಹಾರಾಡುತ್ತಿದ್ದವು. ವೆಂಡೆಲ್‌ನ ಹೆಂಡತಿ ಮಾರ್ವಾ ಈ ರೆಸಾರ್ಟಿನಲ್ಲಿ ಕ್ಯಾಬಿನ್ನು ಗುಡಿಸಿ ಒರೆಸುವವಳು. ಗಂಡನನ್ನು ಮಣ್ಣು ಮಾಡಿ ಹತ್ತು ದಿನವಾಗಿರಲಿಲ್ಲ, ಸೀಸನ್ನಿಗೆಂದು ಕೆಲಸಕ್ಕೆ ಬಂದಿದ್ದಳು.

“ಕೂತ್ಕೋ” ಎಂದಳು ಲೆಂಪಿ.

ಹಾರ್ಲನ್ ಕೂರಲಿಲ್ಲ. ನೆಲದ ಮೇಲಿದ್ದ ಎಣ್ಣೆಯನ್ನು ಒರೆಸಲು ಚಿಂದಿ ಹುಡುಕಿದ.

“ಒರೆಸ್ಬೇಡ! ಮುಟ್ಟಿದ್ರೆ ಕೈ ಮುರೀತೀನಿ! ಎಷ್ಟು ಒರೆಸ್ತೀಯಯ್ಯಾ? ಜೀವನ ಪೂರ್ತಿ ಒರೆಸಿದ್ದು ಸಾಲ್ದಾ?”

ಅವನು ಚಿಂದಿಯನ್ನು ಕೈಯಲ್ಲೇ ಹಿಡಿದು ನಿಂತ.

“ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು. ತಿದ್ದೋದಂದ್ರೆ ನಿನಗೆ ಪ್ರಾಣ ತಾನೆ? ಸೆಪ್ಟೆಂಬರಲ್ಲಿ ಈ ಮೋಟಾರನ್ನ ಮಲಗಿಸಿದೆ. ಪ್ಲಗ್ಗು ಹೊಸದು, ಮಸಿ ಇರೋಕೆ ಸಾಧ್ಯ ಇಲ್ಲ. ಆಮೇಲೆ ಯಾರೋ ಇದನ್ನ ಎಬ್ಬಿಸಿ, ದಡದಲ್ಲಿದ್ದ ಯಾವುದೋ ದೋಣಿಗೆ ಸಿಕ್ಕಿಸಿ ನೀರಿಗಿಳಿಸಿದ್ರು. ಓಡಿಸಿದ್ದಕ್ಕೆ ಮಸಿ ಬಂತು. ಹೆಣದ ಹಗ್ಗ ಪ್ರೊಪೆಲ್ಲರಿಗೆ ಸುತ್ಕೊಂಡು ಸೀಲು ಹರೀತು, ಗೇರಿಗೆ ನೀರು ಬಂತು. ಸರಿನಾ?”

ಹಾರ್ಲನ್ ಚಿಂದಿಯನ್ನು ಬೆರಳಿಗೆ ಸುತ್ತತೊಡಗಿದ.

“ಇಲ್ಲೀವರೆಗೂ ಯಾವ ಕಳ್ಳ ಬೇಕಾದ್ರೂ ಮಾಡಬಹುದು. ಆದ್ರೆ ಮಸಿ ಮೇಲೆ ಮತ್ತೆ ಎಣ್ಣೆ ಇದೆ, ಹಾರ್ಲನ್. ತಿಳಿ ಎಣ್ಣೆ. ವಾಪಸ್ ತಂದಿಟ್ಟ ಮೇಲೆ ಯಾರೋ ಕೂತು, ಪ್ಲಗ್ಗು ಬಿಚ್ಚಿ, ಸಿಲಿಂಡರಿಗೆ ಎಣ್ಣೆ ಸಿಂಪಡಿಸಿ, ಒರೆಸಿ, ಬೆಡ್‌ಶೀಟ್ ಹೊದಿಸಿ ಹೋಗಿದಾರೆ. ಒಬ್ಬ ಮನುಷ್ಯನ್ನ ನೀರಿಗೆ ಹಾಕಿ ಬಂದು, ಮೋಟಾರಿಗೆ ತುಕ್ಕು ಹಿಡಿಯುತ್ತಲ್ಲ ಅಂತ ಸಂಕಟ ಪಡೋನು ಈ ಜಿಲ್ಲೆಯಲ್ಲಿ ಎಷ್ಟು ಜನ ಇದಾರೆ? ಎಲ್ರಾಯ್‌ಗೆ ಪ್ಲಗ್ಗು ಯಾವ ಕಡೆ ಇರುತ್ತೆ ಅನ್ನೋದೇ ಗೊತ್ತಿಲ್ಲ.”

ಹಾರ್ಲನ್ ಸ್ಟ್ಯಾಂಡಿನ ಮರವನ್ನು ಹಿಡಿದುಕೊಂಡ.

“ಕೊಲೆಗಾರರನ್ನ ಬಹಳ ನೋಡಿದೀನಿ ಕಣೋ” ಎಂದಳು ಲೆಂಪಿ. “ಕುಡಿದು ಕೊಂದವರು, ಹೊಟ್ಟೆಕಿಚ್ಚಿಗೆ ಕೊಂದವರು. ಕೊಂದು ಬಂದು ಮೋಟಾರು ಸರ್ವಿಸ್ ಮಾಡಿದವನನ್ನ ಇವತ್ತೇ ನೋಡಿದ್ದು. ಥೂ!”

“ನಾನು ಕೊಂದಿಲ್ಲ.”

“ಹಾಗಾದ್ರೆ ಈ ಎಣ್ಣೆ ಆಕಾಶದಿಂದ ಬಿತ್ತಾ?”

“ಎಣ್ಣೆ ಹಾಕಿದ್ದು ನಾನು. ಕೊಂದಿಲ್ಲ.” ಅವನ ಧ್ವನಿ ಒಡೆದಿತ್ತು. “ಬೇಟೆ ಕ್ಯಾಂಪಿಂದ ಅವತ್ತು ಸಂಜೆ ಬಂದೆ. ಶೆಡ್ಡಿನ ಬಾಗಿಲು ತೆಗೆದಿತ್ತು. ಈ ಮೋಟಾರು ಸ್ಟ್ಯಾಂಡ್ ಮೇಲೆ ಸೊಟ್ಟಗೆ ನಿಂತಿತ್ತು. ಮೈಯೆಲ್ಲ ನೀರು. ಮುಚ್ಚಳ ಮುಟ್ಟಿದೆ, ಇನ್ನೂ ಬೆಚ್ಚಗಿತ್ತು. ಹೊರಗೆ ಕೊರೆಯೋ ಚಳಿ, ಲೆಂಪಿ. ಹಾಗೇ ಬಿಟ್ರೆ ಬೆಳಿಗ್ಗೆ ಹೊತ್ತಿಗೆ ಸಿಲಿಂಡರ್ ಹಾಳು. ಕೈ ತಾನಾಗೇ ಹೋಯ್ತು. ಬೇರೆ ಯೋಚನೇನೇ ಬರಲಿಲ್ಲ.”

“ಪ್ರೊಪೆಲ್ಲರ್ ಯಾಕೆ ಬಿಚ್ಚಲಿಲ್ಲ? ಪಾಠದಲ್ಲಿ ಎಣ್ಣೆ ಸಿಂಪಡಿಸೋದಕ್ಕಿಂತ ಅದೇ ತಾನೆ ಮೊದಲು?”

“ಮಂಜು ಕಟ್ಟಿತ್ತು. ಬೆಳಿಗ್ಗೆ ಬಿಚ್ಚೋಣ ಅಂದ್ಕೊಂಡೆ. ಬೆಳಿಗ್ಗೆ ವೆಂಡೆಲ್ ಕಾಣ್ತಿಲ್ಲ ಅಂತ ಸುದ್ದಿ ಬಂತು.” ಅವನು ಹಗ್ಗದ ಕಡೆ ನೋಡದೆ ಮಾತಾಡಿದ. “ಆಮೇಲೆ ಬಿಚ್ಚೋಕೆ ಧೈರ್ಯ ಆಗಲಿಲ್ಲ. ಹಿಂದೆ ಏನಿದೆಯೋ ಅಂತ. ಇಡೀ ಚಳಿಗಾಲ ಈ ಸ್ಟ್ಯಾಂಡಿನ ಕಡೆ ತಿರುಗಿ ನೋಡಿಲ್ಲ.”

ಅವನು ಸುಳ್ಳು ಹೇಳುತ್ತಿಲ್ಲವೆಂದು ಲೆಂಪಿಗೆ ಗೊತ್ತಾಯಿತು. ಹಾರ್ಲನ್ ಬಿಚ್ಚದೆ ಬಿಟ್ಟ ಪ್ರೊಪೆಲ್ಲರ್ ಒಂದಿದೆಯೆಂದು ಹಾರ್ಲನ್‌ನೇ ಒಪ್ಪಿಕೊಳ್ಳಬೇಕಾದರೆ ಅದು ಸತ್ಯವೇ ಆಗಿರಬೇಕು. ಆದರೆ ಅದರಿಂದ ಅವಳ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

“ಇಷ್ಟು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ? ಎಲ್ರಾಯ್‌ನ ಹಿಡಿದು ಒಳಗೆ ಹಾಕಿದಾಗಲೂ? ನಾಳೆ ಅವನ ಜೀವನ ಮುಗಿಯುತ್ತೆ ಅಂತ ಊರಿಗೆಲ್ಲ ಗೊತ್ತು!”

“ಹೇಳಿದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವಾ?” ಹಾರ್ಲನ್ ಮೊದಲ ಸಲ ತಲೆಯೆತ್ತಿದ. “ಜನ ನಂಬಿ ಬಿಟ್ಟುಹೋದ ಮೋಟಾರು. ಗಿರಾಕಿ ಮೋಟಾರು. ಅದರಲ್ಲಿ ಹೆಣ ಸಾಗಿಸಿದ್ರು ಅಂದ್ರೆ ಈ ಶೆಡ್ಡಿಗೆ ಯಾರು ಬರ್ತಾರೆ? ನಮ್ಮಪ್ಪ ಕಟ್ಟಿದ ಶೆಡ್ಡು ಇದು. ಇಲ್ಲೀವರೆಗೆ ಒಂದು ದೂರು ಬಂದಿಲ್ಲ.”

ಲೆಂಪಿಗೆ ಅವನು ಕೊಲೆ ಮಾಡಿದ್ದರೂ ಇಷ್ಟು ಅಸಹ್ಯವಾಗುತ್ತಿರಲಿಲ್ಲ ಎನ್ನಿಸಿತು.

“ಶೆಡ್ಡಿನ ಹೆಸರಿಗೋಸ್ಕರ ಒಬ್ಬ ಮನುಷ್ಯನ್ನ ಸಾಯೋವರೆಗೂ ಜೈಲಲ್ಲಿ ಕೊಳೆಸ್ತಿದ್ದೆ. ಅಲ್ವಾ?”

“ಎಲ್ರಾಯ್ ತಾನೆ” ಎಂದ ಹಾರ್ಲನ್.

ಅದನ್ನವನು ಹೇಳಿದ ರೀತಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ತುಕ್ಕು ಹಿಡಿದ ಬೋಲ್ಟೊಂದನ್ನು ಬುಟ್ಟಿಗೆ ಎಸೆಯುವ ಧ್ವನಿ. ಅಂಥದೇ ಧ್ವನಿಯಲ್ಲಿ ಎಲ್ರಾಯ್‌ನ ಬಗ್ಗೆ ತಾನೂ ಎಷ್ಟು ಸಲ ಮಾತಾಡಿದ್ದೇನೆ ಎಂಬುದು ಲೆಂಪಿಗೆ ಚುಚ್ಚಿತು. ಚುಚ್ಚಿದ್ದು ಹಿಡಿಸಲಿಲ್ಲ. ಗದರಿದಳು.

“ಬೀಗದ ಕೈ ಯಾರ ಹತ್ರ ಇತ್ತು?”

ಅವನು ಗೋಡೆಯ ಮೇಲೆ ತೂಗುತ್ತಿದ್ದ ಸಾಮಾನೊಂದನ್ನು ನೆಟ್ಟಗೆ ಮಾಡಿದ.

“ಹಾರ್ಲನ್, ಕೈಗೆ ಬೇಡಿ ಹಾಕಿ ಊರ ಮಧ್ಯೆ ನಡೆಸ್ಕೊಂಡು ಹೋಗ್ತೀನಿ. ಶೆಡ್ಡಿನ ಬಾಗಿಲು ತೆಗೆದೇ ಇರುತ್ತೆ. ಜನ ಬಂದು ನೋಡಿಕೊಂಡು ಹೋಗ್ಲಿ. ಯಾರು ತಂದಿಟ್ರು ಇದನ್ನ?”

“ನಾನು ಒಳಗೆ ಬರುವಾಗ ಎದುರಿಗೆ ಸಿಕ್ಕಳು” ಎಂದ ಹಾರ್ಲನ್, ನೆಲ ನೋಡಿಕೊಂಡು. “ಕೂದಲೆಲ್ಲ ಒದ್ದೆ. ಕೈಯಲ್ಲಿ ಗ್ಲೌಸ್ ಇರ್ಲಿಲ್ಲ. ‘ಕ್ಯಾಬಿನ್ನಿನ ಕೊಳಾಯಿ ಒಡೀತು, ನೀರು ಚಿಮ್ಮಿತು’ ಅಂದಳು. ಕೊಳಾಯಿಗಳನ್ನ ನಾನೇ ಅಕ್ಟೋಬರಲ್ಲಿ ಖಾಲಿ ಮಾಡಿದ್ದೆ. ಒಂದರಲ್ಲೂ ಹನಿ ನೀರಿರ್ಲಿಲ್ಲ.”

“ಯಾರು?”

“ಕ್ಯಾಬಿನ್ನು, ಶೆಡ್ಡು ಎಲ್ಲದರ ಬೀಗದ ಕೈಗೊಂಚಲು ಯಾರ ಹತ್ರ ಇರುತ್ತೆ ಅಂತ ಊರಿಗೆಲ್ಲ ಗೊತ್ತು.”

ಲೆಂಪಿ ಕಿಟಕಿಯ ಕಡೆ ತಿರುಗಿದಳು. ಚಾದರಗಳು ಹಾರಾಡುತ್ತಿದ್ದವು. ಅವುಗಳ ಹಿಂದೆ ಯಾರೂ ಇರಲಿಲ್ಲ.

“ನೆಲ ಒರೆಸ್ಬೇಕಾ, ಹಾರ್ಲನ್?”

ಮಾರ್ವಾ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಗಟ್ಟಿ ಆಳು, ಅಗಲ ಭುಜ. ನೀರಿನ ಡ್ರಮ್ಮನ್ನು ಒಬ್ಬಳೇ ಎತ್ತಿ ಕ್ಯಾಬಿನ್ನಿಗೆ ಸಾಗಿಸುವವಳು. ಆ ಕೈಗಳಿಗೆ ಈ ಸಣ್ಣ ಮೋಟಾರು ಯಾವ ಲೆಕ್ಕ ಎಂಬುದು ತನಗೆ ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ ಎಂದು ಲೆಂಪಿಗೆ ತನ್ನ ಮೇಲೆಯೇ ರೇಗಿತು. ಗಂಡ ಸತ್ತವಳು ಎಂದು ಅವಳ ಕಡೆ ನೋಡಿಯೇ ಇರಲಿಲ್ಲ.

ಮಾರ್ವಾ ಬಿಚ್ಚಿಟ್ಟ ಪ್ರೊಪೆಲ್ಲರನ್ನು ನೋಡಿದಳು. ಲೆಂಪಿಯ ಕೈಯಲ್ಲಿದ್ದ ಹಳದಿ ಹಗ್ಗ ನೋಡಿದಳು. ಹಾರ್ಲನ್‌ನ ಮುಖ ನೋಡಿ ಮೂಗು ಮುರಿದಳು. ಬಕೆಟ್ಟನ್ನು ನಿಧಾನವಾಗಿ ಕೆಳಗಿಟ್ಟಳು.

“ಇವನ ಹೊಟ್ಟೇಲಿ ಏನೂ ನಿಲ್ಲಲ್ಲ ಅಂತ ಗೊತ್ತಿತ್ತು. ಆದ್ರೂ ಆರು ತಿಂಗಳು ತಡ್ಕೊಂಡಿದಾನೆ, ಪರವಾಗಿಲ್ಲ.”

“ಮಾರ್ವಾ” ಎಂದಳು ಲೆಂಪಿ, “ನಿನ್ನ ತಮ್ಮ ನಾಳೆ ಮಾಡದೇ ಇರೋ ಕೊಲೇನ ಒಪ್ಕೊಳ್ಳೋಕೆ ಹೊರಟಿದಾನೆ. ನಿನಗೆ ಗೊತ್ತಿದ್ದೂ...”

“ಗೊತ್ತಿದ್ದೂ ಏನು ಬಂತು? ಒಪ್ಕೋ ಅಂತ ಹೇಳಿದ್ದೇ ನಾನು.”

“ನೀನಾ?”

“ನಾನು ದಿನಾ ಜೈಲಿಗೆ ಹೋಗ್ತಿದ್ದೆನಲ್ಲ, ಊಟ ತಗೊಂಡು. ಸುಮ್ಮನೆ ಹೋಗ್ತಿದ್ದೆನಾ?” ಮಾರ್ವಾ ಸೊಂಟಕ್ಕೆ ಬಿಗಿದಿದ್ದ ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. “ವೆಂಡೆಲ್ ನನಗೆ ಏನು ಮಾಡ್ತಿದ್ದ ಅಂತ ಎಲ್ರಾಯ್ ಕಣ್ಣಾರೆ ನೋಡಿದಾನೆ. ಮೂಲೇಲಿ ಕೂತು ಕುಡೀತಾ ನೋಡಿದಾನೆ. ಒಂದು ಸಲ ಎದ್ದು ಬರಲಿಲ್ಲ. ಈಗ ಎದ್ದು ನಿಲ್ಲಲಿ. ಕೋರ್ಟಲ್ಲಾದ್ರೂ ನಿಲ್ಲಲಿ.”

“ಅವನು ಯಾಕೆ ಒಪ್ಪಿದ?”

“ನಾಚಿಕೆಗೆ” ಎಂದಳು ಮಾರ್ವಾ.

ಇಷ್ಟು ವರ್ಷ ಆ ಮನುಷ್ಯನಿಗೆ ನಾಚಿಕೆ ಎಂಬುದೇ ಇಲ್ಲವೆಂದು ಲೆಂಪಿ ಪ್ರಮಾಣ ಮಾಡಲು ಸಿದ್ಧಳಿದ್ದಳು. ಅವನನ್ನು ಬಿಡಿಸಬೇಕಾದರೆ ಈ ಹಗ್ಗ ಬೇಕು. ಈ ಹಗ್ಗ ಬ್ರಾಂಟನ ಮೇಜಿಗೆ ಹೋದರೆ, ಅವನ ಬದಲು ಇವಳು ಜೈಲಿಗೆ ಹೊರಟಳು. ಆದರೆ ಸತ್ಯ ಸತ್ಯವೇ. ನಾಳೆ ಬೆಳಿಗ್ಗೆಯ ತನಕ ಸಮಯವಿದೆ. ಅವಳು ಹಗ್ಗವನ್ನು ಲಕೋಟೆಗೆ ಹಾಕಲು ಬಗ್ಗಿದಳು.

ಫೋನು ಕುಣಿಯಿತು. ಬ್ರಾಂಟ್.

“ನಿನ್ನ ಸಂದೇಶ ಈಗ ಕೇಳಿದೆ ಲೆಂಪಿ. ಆ ವಿಷಯ ಬಿಡು, ಮುಗೀತು.” ಅವನ ಹಿಂದೆ ಯಾರೋ ನಗುತ್ತಿದ್ದ ಸದ್ದು, ದೋಣಿಯ ಟ್ರೈಲರ್ ಸಿಕ್ಕಿಸುವ ಕಬ್ಬಿಣದ ಸದ್ದು. “ಜಡ್ಜ್ ಸಾಹೇಬರು ನಾಳೇನೇ ಮೀನಿಗೆ ಹೊರಡಬೇಕು ಅಂದ್ರು. ವಕೀಲರೂ ಅದನ್ನೇ ಅಂದ್ರು. ಅದಕ್ಕೇ ಇವತ್ತು ಮಧ್ಯಾಹ್ನಾನೇ ಕರೆಸಿಬಿಟ್ರು. ಎಲ್ರಾಯ್ ನಿಂತ್ಕೊಂಡು ನೀಟಾಗಿ ಒಪ್ಕೊಂಡ. ನಾನೂ ಹೊರಟೆ. ನೀನೂ ಗಾಳ ತಗೊಂಡು ಬಾ.”

“ಬ್ರಾಂಟ್! ಕೇಳು ಇಲ್ಲಿ! ಬ್ರಾಂಟ್!”

ಫೋನು ಸತ್ತಿತು. ಒಬ್ಬ ಮನುಷ್ಯನ ಆಯುಷ್ಯವನ್ನು ಒಂದು ಬುಟ್ಟಿ ಮೀನಿಗೋಸ್ಕರ ಒಂದು ದಿನ ಮುಂಚೆ ಮುಗಿಸಿದ್ದರು. ಜಿಲ್ಲೆಯ ಕೋರ್ಟು, ಠಾಣೆ, ವಕೀಲರ ಕಚೇರಿ ಎಲ್ಲಕ್ಕೂ ಸೋಮವಾರದ ತನಕ ಬೀಗ. ಲೆಂಪಿ ಮತ್ತೆ ಕರೆ ಮಾಡಿದಳು; ಅವನು ಎತ್ತಲಿಲ್ಲ.

ಹಾರ್ಲನ್ ಗೋಡೆಯ ಕಡೆ ಮುಖ ಮಾಡಿದ್ದ. ಮಾರ್ವಾ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳ ಕಣ್ಣಿನಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳದೆ ಒಂದು ಹೆಜ್ಜೆ ಮುಂದೆ ಬಂದು, ಅಗಲವಾದ ಅಂಗೈಯನ್ನು ಲೆಂಪಿಯ ಎದುರಿಗೆ ಚಾಚಿದಳು.

“ಒಪ್ಕೊಂಡ್ನಲ್ಲ. ಇನ್ನು ಆ ಹಗ್ಗ ಯಾರಿಗೆ ಬೇಕು, ಲೆಂಪಿ? ಕೊಡು ಇತ್ತ.”